ಕೋಟಿನ ತೋಳಿನ ಚೀಟಿ

ರಾಮತೀರ್ಥ ನಗರ, ಬೆಳಗಾವಿ
೯ ಫೆಬ್ರುವರಿ ೨೦೨೫

ಆಕಾಶ,

ಹನ್ನೆರಡು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ, ಅದೂ ಕಾಗದದ ಮೇಲೆ. ಬೇರೆ ದಾರಿ ಎಲ್ಲಿ ಇಟ್ಟಿದ್ದೀಯ? ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿ ಕೂತಿದ್ದೀಯ. ಖಾನಾಪುರದ ಪೋಸ್ಟ್‌ಮನ್‌ಗೆ ಹಾಗೆ ಮಾಡುವ ಗುಂಡಿ ಇನ್ನೂ ಬಂದಿಲ್ಲ, ಹಾಗಾಗಿ ಅವನ ಚೀಲದಲ್ಲಿ ಕೂತು ಬರುತ್ತಿದ್ದೇನೆ. ನೀನು ಕಲಿಸುವ ಹೈಸ್ಕೂಲಿನ ವಿಳಾಸಕ್ಕೇ ಹಾಕಿದ್ದೇನೆ. ಮನೆಗೆ ಹಾಕಿದರೆ ನಿಮ್ಮಪ್ಪ ಗುರುಪುತ್ರಪ್ಪ ಕಾಕಾ ನನ್ನ ಅಕ್ಷರದ ಗುರುತು ಹಿಡಿದು ಒಲೆಗೆ ಹಾಕಿಯಾರು.

ನಾನು ಆರಾಮ ಇದ್ದೇನೆ. ಅವ್ವ ನನ್ನ ಜೊತೆಯೇ ಇದ್ದಾಳೆ. ಮದುವೆಗಳ ವಿಡಿಯೋ ತೆಗೆಯುತ್ತೇನೆ. ಸೀಸನ್ನಿನಲ್ಲಿ ಯಾರ ಮದುವೆ ಎಂಬುದೂ ಮರೆತುಹೋಗುತ್ತದೆ, ಅಕ್ಷತೆ ಬಿದ್ದ ಕಡೆ ಕ್ಯಾಮೆರಾ ತಿರುಗಿಸುತ್ತೇನೆ, ಅಷ್ಟೇ. ಆದರೆ ಈಗ ನನ್ನದೇ ಒಂದು ಸಿನಿಮಾ ಮಾಡುತ್ತಿದ್ದೇನೆ. ಕೋಟೆಯ ಹತ್ತಿರದ ಅಂಗಡಿಯಿಂದ ಸಿಡಿ ತಂದು ನಾವು ನೋಡುತ್ತಿದ್ದ ಇಂಗ್ಲಿಷ್ ಸಿನಿಮಾಗಳು ನೆನಪಿವೆಯಾ? ಕೆಲಸವಿಲ್ಲದ ಗೆಳೆಯರು ಇಡೀ ದಿನ ಮಾಲಿನಲ್ಲಿ ಅಡ್ಡಾಡುವುದು, ಹರಟೆ ಹೊಡೆಯುವುದು, ಕಡೆಗೂ ಏನೂ ಆಗದಿರುವುದು. ಅವರು ಅದನ್ನೇ ಮಾಡಿದರೆ ಸಿನಿಮಾ, ನಾವು ಮಾಡಿದರೆ ಮನೆಯಲ್ಲಿ ಬೈಗುಳ ಎಂದು ನೀನು ಹೇಳುತ್ತಿದ್ದೆ. ಅಂಥದೇ ಸಿನಿಮಾ ಇದು, ಕಥೆಯ ಸಾರಾಂಶ ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ನಾನು ಮತ್ತು ನೀನು, ಖಾನಾಪುರದಿಂದ ಬಂದು ಡಿಗ್ರಿ ಕಾಲೇಜು ತಪ್ಪಿಸಿ ಇಲ್ಲಿಯ ಮಾಲಿನಲ್ಲಿ ಕೂತ ಎರಡು ವರ್ಷ.

ನಮ್ಮ ಮಾಲು ಮುಚ್ಚಿತು, ಗೊತ್ತಿರಬೇಕು. ಜೂನ್‌ನಿಂದ ಅಲ್ಲಿ ಕೋಚಿಂಗ್ ಕ್ಲಾಸು ಬರುತ್ತದಂತೆ. ಮೇ ಹನ್ನೆರಡರಿಂದ ಎಂಟು ದಿನ ಶೂಟಿಂಗಿಗೆ ಮಾಲಕರು ಬಿಟ್ಟುಕೊಟ್ಟಿದ್ದಾರೆ. ಎಸ್ಕಲೇಟರ್ ನಿಂತು ಹೋಗಿದೆ. ಕಾವಲಿನ ಮಾಯಪ್ಪ ಮಾತ್ರ ಕಾಯಲು ಏನೂ ಉಳಿಯದಿದ್ದರೂ ಬಾಗಿಲಲ್ಲೇ ಇದ್ದಾನೆ.

ಈಗ ಅಸಲು ಮಾತು. ನಿನ್ನ ಫೋಟೋದ ಸೀನು ನನಗೆ ಬೇಕು. ನೀನು ಮರೆತಿರಲಾರೆ, ಆದರೂ ಸಿನಿಮಾದಲ್ಲಿ ಹೇಗೆ ಬರುತ್ತದೆ ಎಂದು ಹೇಳಿಬಿಡುತ್ತೇನೆ. ಸಮಾಜದ ವಧು-ವರರ ಪುಸ್ತಕಕ್ಕೆ ಕೋಟು ಹಾಕಿದ ಫೋಟೋ ಬೇಕೆಂದು ನಿಮ್ಮ ಮನೆಯಲ್ಲಿ ಗಂಟುಬಿದ್ದಿದ್ದರು. ನಿನ್ನ ಹತ್ತಿರ ಕೋಟಿರಲಿಲ್ಲ. ಮಾಲಿನ ಬಟ್ಟೆ ಅಂಗಡಿಯ ಟ್ರಯಲ್ ರೂಮಿಗೆ ಒಂದು ನೀಲಿ ಕೋಟು ಒಯ್ದೆವು, ನೀನು ಹಾಕಿಕೊಂಡೆ, ನಾನು ನನ್ನ ಫೋನಿನಲ್ಲಿ ತೆಗೆದೆ, ಕೋಟನ್ನು ತಿರುಗಿ ಹ್ಯಾಂಗರಿಗೆ ಹಾಕಿ ಬಂದೆವು. ಪುಸ್ತಕ ಅಚ್ಚಾಗಿ ಬಂದಾಗ ನಿನ್ನ ತೋಳಿನಿಂದ ಅಂಗೈಯಗಲದ ಕೆಂಪು ಚೀಟಿ ತೂಗುತ್ತಿತ್ತು. ಅದರ ಮೇಲೆ, "ಒಂದು ಕೊಂಡರೆ ಒಂದು ಉಚಿತ."

ಆಮೇಲೆ ನೀನು ಮಾಲಿಗೆ ಬರಲಿಲ್ಲ. ನನ್ನ ಜೊತೆ ಮಾತೂ ಆಡಲಿಲ್ಲ. ನಿನ್ನ ಒಪ್ಪಿಗೆಯಿಲ್ಲದೆ ಆ ಸೀನು ತೆಗೆಯುವುದಿಲ್ಲ, ಅದಿಲ್ಲದೆ ಈ ಸಿನಿಮಾ ಇಲ್ಲ. ಖರೇ ಹೇಳಬೇಕೆಂದರೆ ಸಿನಿಮಾಕ್ಕಿಂತ ನೀನೇ ಬೇಕಾಗಿದ್ದೀಯ. ಬರೆ.

ಇನ್ನೂ ಅದೇ ಯಲ್ಲೇಶ

*

ಖಾನಾಪುರ
೨೪ ಫೆಬ್ರುವರಿ ೨೦೨೫

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಸದರಿ ದೃಶ್ಯಕ್ಕೆ ನನ್ನ ಒಪ್ಪಿಗೆ ಇರುವುದಿಲ್ಲ. ನಾನೀಗ ಗಣಿತದ ಶಿಕ್ಷಕ. ಕ್ಲಾಸು ತಪ್ಪಿಸಿ ತಿರುಗಬೇಡಿ ಎಂದು ದಿನಾ ಮುಂಜಾನೆ ಪ್ರಾರ್ಥನೆಯ ಹೊತ್ತಿಗೆ ಇನ್ನೂರು ಮಕ್ಕಳಿಗೆ ಹೇಳುವವನು. ಅದೇ ಮಕ್ಕಳು ನನ್ನನ್ನು ಪರದೆಯ ಮೇಲೆ ನೋಡುವುದು ಬೇಡ.

ಇಷ್ಟೇ ಬರೆದು ಮುಗಿಸುವವನಿದ್ದೆ. ಆದರೆ ತಾವು ಕಳಿಸಿದ ಕಥೆಯ ಸಾರಾಂಶದಲ್ಲಿ ತಪ್ಪುಗಳಿವೆ. ತಪ್ಪು ಕಂಡರೆ ಕೆಂಪು ಪೆನ್ನು ಹುಡುಕುವ ಚಟ ಬಿದ್ದಿದೆ, ಏನು ಮಾಡಲಿ.

ನಾವು ಬಸ್ಸಿನಲ್ಲಿ ಹೋಗುತ್ತಿರಲಿಲ್ಲ. ಮುಂಜಾನೆಯ ರೈಲುಗಾಡಿಗೆ ಪಾಸ್ ಇತ್ತು, ಬಾಗಿಲ ಬಾಜು ಕೂರುತ್ತಿದ್ದೆವು. ಗಿರಾಕಿಗಳ ಹಾಗೆ ಕಾಣಲೆಂದು ನಾವು ಹಿಡಿದು ತಿರುಗುತ್ತಿದ್ದ ಮಾಲಿನ ಚೀಲದಲ್ಲಿ ಹಳೆಯ ಅಂಗಿ ಇರಲಿಲ್ಲ, ಪೇಪರ್ ಇತ್ತು. ಎರಡು ವರ್ಷ ಒಂದೇ ಚೀಲ, ಒಂದೇ ಪೇಪರ್. ಕೂತು ಬೇಸರವಾದಾಗ ಅದನ್ನೇ ಓದುತ್ತಿದ್ದೆವು. ಅದರೊಳಗಿನ ರಾಶಿಭವಿಷ್ಯ ನನಗೆ ಇವತ್ತಿಗೂ ಬಾಯಿಪಾಠ ಇದೆ.

ಮಾಯಪ್ಪ ನಮ್ಮನ್ನು ಅಟ್ಟಿಸಿಕೊಂಡು ಬಂದ ಎಂದು ಬರೆದಿದ್ದೀರಿ. ಇದು ಅನ್ಯಾಯ. ಅವನು ಒಂದು ದಿನವೂ ಅಟ್ಟಲಿಲ್ಲ. ಕೂರುವುದು ಹೇಗೆಂದು ಕಲಿಸಿದವನೇ ಅವನು. "ಕಾಲ ಮ್ಯಾಲ ಕಾಲ ಹಾಕ್ಕೊಂಡ ಕುಂದರ್ರಿ, ಗಿರಾಕಿ ಅನ್ನಿಸ್ತೀರಿ. ಮೊಣಕಾಲ ಹಿಡ್ಕೊಂಡ ಕುಂತ್ರ ಬೇಕಾರ ಅನ್ನಿಸ್ತೀರಿ" ಎಂದಿದ್ದ. ನಾನು ಸ್ಟಾಫ್ ರೂಮಿನಲ್ಲಿ ಈಗಲೂ ಹಾಗೆಯೇ ಕೂರುತ್ತೇನೆ.

ಕೊನೆಯದು. ಎಸ್ಕಲೇಟರಿಗೆ ಹೆದರಿದವನು ನಾನೆಂದು ಬರೆದಿದ್ದೀರಿ. ಕಣ್ಣು ಮುಚ್ಚಿ ನನ್ನ ಅಂಗಿಯ ತುದಿ ಹಿಡಿದು ಮೇಲೆ ಬಂದವರು ಯಾರು ಎಂಬುದನ್ನು ತಾವೇ ನೆನಪು ಮಾಡಿಕೊಳ್ಳುವುದು.

ಪತ್ರ ವ್ಯವಹಾರ ಇಲ್ಲಿಗೆ ಮುಗಿಯಿತು.

ಆಕಾಶ, ಸಹಶಿಕ್ಷಕರು

*

ರಾಮತೀರ್ಥ ನಗರ
೨ ಮಾರ್ಚ್ ೨೦೨೫

ಮಾನ್ಯ ಸಹಶಿಕ್ಷಕರೇ,

ಮುಗಿಯಿತು ಎನ್ನಲು ನಿನಗೆ ಮೂರು ಪುಟ ಬೇಕಾಯಿತು. ನಾನು ಓದಿ ಓದಿ ನಕ್ಕೆ. ಏನಾಯಿತೋ ಎಂದು ಅವ್ವ ಅಡುಗೆಮನೆಯಿಂದ ಬಂದು ನೋಡಿ ಹೋದಳು. ನಿನ್ನ ತಿದ್ದುಪಡಿಗಳನ್ನೆಲ್ಲ ಹಾಕಿಕೊಂಡಿದ್ದೇನೆ. ಎಸ್ಕಲೇಟರಿನದನ್ನೂ. ಬೇಕಂತಲೇ ನಿನ್ನ ಮೇಲೆ ಹಾಕಿದ್ದೆ, ಸಿಟ್ಟಿಗಾದರೂ ಉತ್ತರ ಬರೆದೀಯೆಂದು.

ಕಳೆದ ವಾರ ನಮ್ಮಿಬ್ಬರ ಪಾತ್ರಕ್ಕೆ ಹುಡುಗರನ್ನು ಆರಿಸಲು ಕೂತಿದ್ದೆ. ಕುಣಿಯುವವರು ಬಂದರು, ಅಳುವವರು ಬಂದರು, ಒಬ್ಬ ಪಲ್ಟಿ ಹೊಡೆದು ಕುರ್ಚಿ ಮುರಿದ. ನಾನು ಎಲ್ಲರಿಗೂ ಒಂದೇ ಪರೀಕ್ಷೆ ಕೊಟ್ಟೆ: ಹತ್ತು ನಿಮಿಷ ಈ ಬೆಂಚಿನ ಮೇಲೆ ಏನೂ ಮಾಡದೆ ಕೂರು. ಒಬ್ಬನಿಗೂ ಆಗಲಿಲ್ಲ ಮಾರಾಯ. ಎರಡನೇ ನಿಮಿಷಕ್ಕೆ ಕೈ ಜೇಬಿನ ಫೋನಿಗೆ ಹೋಗುತ್ತದೆ. ಫೋನು ಕಸಿದುಕೊಂಡರೆ ಉಗುರು ಕಡಿಯುತ್ತಾರೆ. ನಾವು ಆರು ತಾಸು ಕೂರುತ್ತಿದ್ದೆವು, ಎದುರಿನ ಪಾಪ್‌ಕಾರ್ನ್ ಯಂತ್ರದಲ್ಲಿ ಯಾವ ಕಾಳು ಮೊದಲು ಸಿಡಿಯುತ್ತದೆ ಎಂದು ಪಂಥ ಕಟ್ಟಿಕೊಂಡು. ಅದು ಸಣ್ಣ ವಿದ್ಯೆಯಲ್ಲ ಎಂದು ನನಗೆ ಈಗ ಅರ್ಥವಾಗಿದೆ. ಅದಕ್ಕೆ ಜೊತೆಗೊಬ್ಬ ಸರಿಯಾದ ಮನುಷ್ಯ ಬೇಕು.

ಆ ಹುಡುಗರಿಗೆ ಕೂರುವುದನ್ನು ಕಲಿಸಲು ನೀನು ಬಾ. ಕಲಿಸುವುದೇ ನಿನ್ನ ಕೆಲಸ ತಾನೇ. ಸೀನಿನ ಮಾತು ಆಮೇಲೆ ಆಡೋಣ.

ಬೆಂಚಿನ ಅರ್ಧ ಖಾಲಿ ಇಟ್ಟುಕೊಂಡಿರುವ
ಯಲ್ಲೇಶ

*

ಖಾನಾಪುರ
೧೯ ಮಾರ್ಚ್ ೨೦೨೫

ಯಲ್ಲೇಶ,

ಹತ್ತನೆಯವರ ಪರೀಕ್ಷೆ ನಾಡಿದ್ದಿನಿಂದ. ಉಸಿರಾಡಲು ಪುರುಸೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. 'ಮಾನ್ಯರೇ' ಬಿಟ್ಟಿದ್ದೇನೆ ಎಂಬುದನ್ನು ಗಮನಿಸಿರುತ್ತೀಯ. ಹಿಗ್ಗಬೇಡ.

ಆ ಪುಸ್ತಕ ಬಂದ ಮೇಲೆ ಇಲ್ಲಿ ಏನೇನಾಯಿತು ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ಫೋಟೋ ಕಳಿಸುವಾಗ ಅಪ್ಪ ಕನ್ನಡಕವಿಲ್ಲದೆ ನೋಡಿದ್ದರು, ಅವ್ವ ಮುಖ ಮಾತ್ರ ನೋಡಿದ್ದಳು. ಊರು ಮಾತ್ರ ಎಲ್ಲವನ್ನೂ ಸರಿಯಾಗಿ ನೋಡಿತು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ಹಿರಿಯರು ಅಪ್ಪನನ್ನು ಕೇಳಿದರು: "ಗುರುಪುತ್ರಪ್ಪ, ನಿಮಗ ಇಬ್ಬರ ಗಂಡಮಕ್ಕಳು. ಅದರಾಗ ಫುಕಟ್ ಯಾಂವರಿ?" ನನ್ನ ತಮ್ಮ ಆಗ ಹೈಸ್ಕೂಲಿನಲ್ಲಿದ್ದ. ಅವನು ಎಲೆ ಬಿಟ್ಟು ಎದ್ದು ಹೋದ. ಚಹಾದಂಗಡಿಯಲ್ಲಿ ನನ್ನ ಹೆಸರು 'ಆಫರ್ ಆಕಾಶ' ಎಂದಾಯಿತು. ಪುಸ್ತಕದಲ್ಲಿ ಫೋಟೋ ನೋಡಿ ಮುಂದಿನ ಮಾತು ಎಂದಿದ್ದ ಗೋಕಾಕದ ಸಂಬಂಧದವರು ಫೋನು ಎತ್ತುವುದನ್ನು ಬಿಟ್ಟರು. ಐದಾರು ವರ್ಷ ಯಾರೂ ಬರಲಿಲ್ಲ.

ಇದನ್ನೆಲ್ಲ ಬರೆಯುವಾಗ ನನಗೇ ನಗು ಬರುತ್ತಿದೆ. ಅವತ್ತು ಬಂದಿರಲಿಲ್ಲ.

ನೀನು ಸೀನಿಗೆ ಒಪ್ಪಿಗೆ ಕೇಳುತ್ತೀ. ನಾನು ಒಂದೇ ಒಂದು ಕೇಳುತ್ತೇನೆ. ಅದಕ್ಕೆ ಸಿನಿಮಾದ ಉತ್ತರ ಬೇಡ, ನಿನ್ನ ಉತ್ತರ ಬೇಕು. ಖರೇ ಹೇಳು, ಫೋಟೋ ತಗಿಯೂ ಮುಂದ ಆ ಚೀಟಿ ನಿನಗ ಕಂಡಿತ್ತೋ, ಇಲ್ಲೋ?

ಉತ್ತರ ಬರುವವರೆಗೆ ಬೇರೆ ಮಾತಿಲ್ಲ.

ಆಕಾಶ

*

ಖಾನಾಪುರ
೧೨ ಏಪ್ರಿಲ್ ೨೦೨೫

ಯಲ್ಲೇಶ ಅವರಿಗೆ ನಮಸ್ಕಾರ.

ನಾನು ಸಮೃದ್ಧಿ, ಆಕಾಶರ ಹೆಂಡತಿ. ನಾವು ಭೇಟಿಯಾಗಿಲ್ಲ. ಆದರೆ ನೀವು ತೆಗೆದ ಫೋಟೋದಿಂದಲೇ ನನ್ನ ಸಂಸಾರ ನಡೆದಿದೆ, ಹಾಗಾಗಿ ಪರಕೀಯರು ಎನ್ನಲಾರೆ. ಆ ಪುಸ್ತಕ ನಮ್ಮ ಮನೆಗೂ ಬಂದಿತ್ತು. ಆಗ ನಾನಿನ್ನೂ ಬೆಳಗಾವಿಯಲ್ಲಿ ಓದುತ್ತಿದ್ದೆ. ಅಕ್ಕನಿಗೆಂದು ತಂದ ಪುಸ್ತಕವನ್ನು ನಾನು ತಿರುವಿ ಹಾಕಿದೆ. ಪುಟಪುಟಕ್ಕೂ ಕೋಟು ಹಾಕಿ ಬಿಗಿದು ಕೂತ ಗಂಡಸರು, ನಡುವೆ ಈ ಒಬ್ಬ ಮನುಷ್ಯ ಚೀಟಿ ಸಮೇತ. ಹೊಟ್ಟೆ ಹಿಡಿದು ನಕ್ಕಿದ್ದೆ. ಐದಾರು ವರ್ಷದ ಮೇಲೆ ಖಾನಾಪುರದ ಸಂಬಂಧ ಬಂದಿದೆ ಎಂದು ಅಪ್ಪ ಹೆಸರು ಹೇಳಿದಾಗ, ಅವನೇ ಆದರೆ ನೋಡೋಣ ಎಂದೆ. ಇದನ್ನು ಇವರಿಗೆ ಹೇಳಿದ್ದೇನೆ. ಇವರು ನಂಬುವುದಿಲ್ಲ, ಸಮಾಧಾನಕ್ಕೆ ಹೇಳುತ್ತೀ ಎನ್ನುತ್ತಾರೆ.

ಈಗ ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಶಾಲೆಗೆ ಬೇಸಿಗೆ ರಜೆ. ಆದರೂ ಟಪಾಲು ಬರುವ ಹೊತ್ತಿಗೆ ಇವರು ಏನಾದರೂ ನೆವ ಹೇಳಿ ಶಾಲೆಗೆ ಹೋಗಿ ಬರುತ್ತಾರೆ. ಮೊನ್ನೆ ಎಲ್ಲರೂ ಹಲಸಿಯ ಗುಡಿಗಳನ್ನು ನೋಡಿ ಬರೋಣ ಎಂದೆ. ಸಂಜೆ ನಾಲ್ಕರ ಮೇಲೆ ಹೋಗೋಣ ಎಂದರು. ನಿಮ್ಮನ್ನು ಏನು ಕೇಳಿದ್ದಾರೋ ನನಗೆ ಹೇಳಿಲ್ಲ. ಏನೇ ಇರಲಿ, ಇದ್ದದ್ದನ್ನು ಬರೆಯಿರಿ. ಕೆಟ್ಟ ಉತ್ತರವಾದರೂ ನಡೆದೀತು, ಉತ್ತರವೇ ಇಲ್ಲವೆಂದರೆ ಈ ಮನುಷ್ಯ ರಜೆಯೆಲ್ಲ ಶಾಲೆಯ ಗೇಟಿನಲ್ಲಿ ಕಳೆಯುತ್ತಾರೆ.

ಈ ಪತ್ರದ ವಿಷಯ ಇವರಿಗೆ ತಿಳಿಯದಂತೆ ನೋಡಿಕೊಳ್ಳಬೇಕಾಗಿ ವಿನಂತಿ.

ಸಮೃದ್ಧಿ

*

ರಾಮತೀರ್ಥ ನಗರ
೧೬ ಏಪ್ರಿಲ್ ೨೦೨೫

ಆಕಾಶ,

ಕಂಡಿತ್ತು.

ಈ ಒಂದು ಶಬ್ದ ಬರೆಯಲು ನಾಲ್ಕು ವಾರ ಹಿಡಿಯಿತು. ಮೂರು ಪತ್ರ ಬರೆದು ಹರಿದೆ. ಒಂದರಲ್ಲಿ ಕಂಡಿರಲಿಲ್ಲ ಎಂದೇ ಬರೆದಿದ್ದೆ, ಅಂಚೆಚೀಟಿಯನ್ನೂ ಹಚ್ಚಿದ್ದೆ. ಡಬ್ಬಿಯ ತನಕ ಹೋಗಿ ವಾಪಸು ಬಂದೆ.

ಫೋನಿನ ಪರದೆಯಲ್ಲಿ ಮೊದಲು ಕಂಡದ್ದೇ ಆ ಕೆಂಪು ಚೀಟಿ. ತೋಳಿನೊಳಗೆ ಸೇರಿಸಿಕೋ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು ಕಾಲರ್ ಸರಿ ಮಾಡಿಕೊಳ್ಳುತ್ತ, ಈ ಸಂಬಂಧ ಕೂಡಿದರೆ ಗೋಕಾಕದಲ್ಲಿ ಮಾವನ ಅಂಗಡಿಯಲ್ಲೇ ಕೂರಬೇಕಂತೆ, ಬರುವ ತಿಂಗಳ ರೈಲು ಪಾಸ್ ತೆಗೆಸುವುದಿಲ್ಲ ಎಂದೆ. ನಾನು ಬಾಯಿ ಮುಚ್ಚಿಕೊಂಡು ಗುಂಡಿ ಒತ್ತಿದೆ.

ನಿನ್ನನ್ನು ಊರ ಮುಂದೆ ನಗೆಪಾಟಲು ಮಾಡಬೇಕೆಂದು ಇರಲಿಲ್ಲ. ಮನೆಯವರು ನೋಡಿ ಇದು ನಡೆಯುವುದಿಲ್ಲ, ಬೇರೆ ತೆಗೆಸಿಕೊಂಡು ಬಾ ಎನ್ನುತ್ತಾರೆ, ಇನ್ನೊಂದು ತಿಂಗಳು ಸಿಗುತ್ತದೆ ಎಂದುಕೊಂಡೆ. ಅದು ಹಾಗೇ ಅಚ್ಚಾಗುತ್ತದೆ ಎಂದು ಯಾವ ದೇವರಿಗೆ ಗೊತ್ತಿತ್ತು. ನೀನು ಹೋದರೆ ನಾನು ಒಬ್ಬನೇ ಮುಂಜಾನೆಯ ಗಾಡಿ ಹತ್ತಿ ಏನು ಮಾಡಬೇಕು ಎಂಬುದೊಂದೇ ಹೆದರಿಕೆ. ನನಗೆ ನಿನ್ನ ಮೇಲೆ ಅಷ್ಟು ಜೀವವಿತ್ತು. ಹಾಗೆಂದು ಹೇಳಲು ಬರದೆ ನಿನ್ನ ಐದಾರು ವರ್ಷ ಹಾಳು ಮಾಡಿದೆ. ತಪ್ಪಾಯಿತು.

ಸೀನು ಬಿಟ್ಟಿದ್ದೇನೆ. ನೀನು ಒಪ್ಪಬೇಕಾಗಿಲ್ಲ, ಇದಕ್ಕೆ ಉತ್ತರವನ್ನೂ ಬರೆಯಬೇಕಾಗಿಲ್ಲ.

ಯಲ್ಲೇಶ

*

ಖಾನಾಪುರ
೨೮ ಏಪ್ರಿಲ್ ೨೦೨೫

ಯಲ್ಲ್ಯಾ,

ನನಗೂ ಕಂಡಿತ್ತು.

ನೀಲಿ ಕೋಟಿನ ಮೇಲೆ ಅಂಗೈಯಗಲದ ಕೆಂಪು ಚೀಟಿ, ಎದುರಿಗೆ ಆಳೆತ್ತರದ ಕನ್ನಡಿ. ಕಾಣದಿರಲು ನಾನೇನು ಕುರುಡನೇ? ನೀನು ಹೇಳುತ್ತೀಯೆಂದು ಕಾದೆ. ನೀನು ಹೇಳಲಿಲ್ಲ. ನಿನಗೆ ಕಂಡಿಲ್ಲ, ನನ್ನ ಪುಣ್ಯ ಎಂದುಕೊಂಡು ನಾನೂ ಸುಮ್ಮನೆ ನಿಂತೆ. ಗೋಕಾಕದ ಅಂಗಡಿಯಲ್ಲಿ ಕೂರುವುದು ನನಗೂ ಬೇಡವಾಗಿತ್ತು. ಅಪ್ಪನ ಮುಂದೆ ಬೇಡ ಎನ್ನುವ ಧೈರ್ಯ ಇರಲಿಲ್ಲ. ನಾನೂ ಒಂದು ತಿಂಗಳನ್ನೇ ಲೆಕ್ಕ ಹಾಕಿದ್ದೆ, ನಿನ್ನ ಹಾಗೆಯೇ.

ಮುಂದಿನದು ನಿನಗೆ ಗೊತ್ತಿಲ್ಲ. ಪುಸ್ತಕ ಬಂದ ದಿನ ಅಪ್ಪ ಫೋಟೋ ತೆಗೆದದ್ದು ಯಾರೆಂದು ಕೇಳಿದರು. ನಾನು ನಿನ್ನ ಹೆಸರು ಹೇಳಿದೆ. ಅಲ್ಲಿಗೇ ಬಿಡಲಿಲ್ಲ. "ಅಂವಾ ಬೇಕಂತ ಮಾಡ್ಯಾನ" ಎಂದೆ. ನಿನಗೆ ಚೀಟಿ ಕಂಡೇ ಇಲ್ಲ ಎಂದು ನಂಬಿಕೊಂಡೇ ಹಾಗೆ ಹೇಳಿದೆ. ನಾನು ಹೇಳಿದ ಸುಳ್ಳು ಖರೇ ಆಗಿರಬಹುದೆಂದು ಹನ್ನೆರಡು ವರ್ಷ ನನಗೆ ಗೊತ್ತಿರಲಿಲ್ಲ.

ಮರುದಿನ ನಿಮ್ಮವ್ವ ಸಾತವ್ವ ಯಾವಾಗಿನಂತೆ ಬೆಣ್ಣೆ ತಂದಳು. ಅಪ್ಪ ಬಾಗಿಲಲ್ಲೇ ನಿಲ್ಲಿಸಿದರು. ನಿನ್ನ ಮಗ ನಮ್ಮ ಮನಿತನದ ಮಾನ ಕಳದಾನ, ಇನ್ನ ಈ ಬಾಗಲಕ ಬರಬ್ಯಾಡ ಎಂದು ಓಣಿಗೆಲ್ಲ ಕೇಳುವಂತೆ ಅಂದರು. ನಾನು ಕದದ ಹಿಂದೆಯೇ ನಿಂತಿದ್ದೆ. ತಪ್ಪು ನಂದು ಅಂತ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಮುಂದೆ ಕೇಳಲಾರದೆ ಹಿತ್ತಲಿಗೆ ಓಡಿದೆ. ಸಣ್ಣವನಿದ್ದಾಗಿನಿಂದ ಅವಳ ಕೈಯ ಬೆಣ್ಣೆ ತಿಂದವನು ನಾನು.

ನಿನ್ನ ಮೇಲೆ ಸಿಟ್ಟಿತ್ತೆಂದು ನೀನು ತಿಳಿದೆ. ಸಿಟ್ಟಲ್ಲ, ನಿನ್ನ ಎದುರು ನಿಲ್ಲಲು ನನಗೆ ಮುಖವಿರಲಿಲ್ಲ. ನೀನು ಫೋನು ಮಾಡುವುದನ್ನು ಬಿಡದಾಗ ನಂಬರನ್ನೇ ಬ್ಲಾಕ್ ಮಾಡಿದೆ. ಆ ಪ್ರಶ್ನೆಯನ್ನೂ ನಾನು ಸ್ವಾರ್ಥಕ್ಕೇ ಕೇಳಿದ್ದು. ನೀನು ಕಂಡಿತ್ತು ಎಂದರೆ ಭಾರ ಅರ್ಧವಾದೀತು ಎಂದು. ಶಾಲೆಯ ಗೇಟಿನಲ್ಲೇ ನಿನ್ನ ಪತ್ರ ಒಡೆದು ಆ ಮೊದಲ ಶಬ್ದ ಓದಿ ಜೋರಾಗಿ ನಕ್ಕುಬಿಟ್ಟೆ. ಪೋಸ್ಟ್‌ಮನ್ ಒಳ್ಳೆ ಸುದ್ದಿ ಏನು ಸರ್ ಎಂದು ಕೇಳಿದ. ಹೌದು ಎಂದೆ.

ಸೀನು ಬಿಡಬೇಡ. ಆದರೆ ಖರೇ ಆದದ್ದನ್ನೇ ತೆಗೆ. ಕನ್ನಡಿಯಲ್ಲಿ ಇಬ್ಬರಿಗೂ ಚೀಟಿ ಕಾಣಬೇಕು, ಇಬ್ಬರೂ ಸುಮ್ಮನಿರಬೇಕು. ನನ್ನ ಶಾಲೆಯ ಮಕ್ಕಳು ಬೇಕಾದರೆ ಟಿಕೆಟ್ ತೆಗೆದು ನೋಡಲಿ. ಮೇ ಹನ್ನೊಂದರ ಭಾನುವಾರ ಮುಂಜಾನೆಯ ಗಾಡಿಗೆ ಬರುತ್ತೇನೆ. ಮಾಲಿಗಿಂತ ಮೊದಲು ನಿಮ್ಮ ಮನೆಗೆ. ಸಾತವ್ವನ ಎದುರು ಇದನ್ನೆಲ್ಲ ಹೇಳುವವರೆಗೆ ಬೆಂಚಿನ ಮೇಲೆ ಕೂರುವುದಿಲ್ಲ. ಅವಳು ಬಾಗಿಲು ತೆಗೆಯುತ್ತಾಳೋ ಇಲ್ಲವೋ, ಕೇಳಿ ಬರೆ.

ಕಾಯುತ್ತಿರುವ
ಆಕಾಶ

*

ರಾಮತೀರ್ಥ ನಗರ
೪ ಮೇ ೨೦೨೫

ಆಕ್ಯಾ,

ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಬೆಣ್ಣೆಯ ಭಾಗ ಬಂದಾಗ ಓದುವುದನ್ನು ಬಿಟ್ಟು ಅವಳ ಮುಖ ನೋಡಿದೆ, ಏಕೆಂದರೆ ಈ ಸಂಗತಿ ನನಗೂ ಗೊತ್ತಿರಲಿಲ್ಲ. ಅವಳು ಒಂದು ದಿನವೂ ಹೇಳಿರಲಿಲ್ಲ, ಓಣಿಯವರಿಗೂ ನನಗೆ ಹೇಳಬೇಡಿ ಎಂದಿದ್ದಳಂತೆ. ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು, ಕೈ ನಿಲ್ಲಿಸಲಿಲ್ಲ. ಪೂರ್ತಿ ಕೇಳಿಸಿಕೊಂಡು, ಆ ಹುಡುಗ ಹಿತ್ತಲಿಗೆ ಓಡಬಾರದಿತ್ತು, ನಿಂತು ಪೂರಾ ಕೇಳಬೇಕಿತ್ತು ಎಂದಳು. ಯಾಕೆ ಎಂದೆ.

"ಅವರಪ್ಪ ಒಂದ ಅಂದ, ನಾ ನಾಕ ಅಂದೆ. ಓಣಿ ಮಂದಿ ಎಲ್ಲಾ ಕೇಳ್ಯಾರ. ಅದು ಅವತ್ತ ಮುಗೀತು."

ಇಷ್ಟಕ್ಕೇ ಮುಗಿಯಲಿಲ್ಲ. ಎಂಟು ದಿನವಾದ ಮೇಲೆ ನಿಮ್ಮವ್ವ ಕಾಂತಾ ಚಿಗವ್ವ ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದಳಂತೆ. ಅಂಗಡಿಯ ಬೆಣ್ಣೆ ಮುಂದಿಟ್ಟರೆ ನಮ್ಮ ಮನೆಯವರು ತಾಟು ಸರಿಸುತ್ತಾರೆ, ಏನು ಮಾಡಲಿ ಎಂದಳಂತೆ. ನಾವು ಊರು ಬಿಟ್ಟು ಇಲ್ಲಿಗೆ ಬರುವವರೆಗೆ ನಾಲ್ಕು ವರ್ಷ ನಿಮ್ಮಪ್ಪ ತಿಂದ ರೊಟ್ಟಿಯ ಮೇಲೆ ಇದ್ದದ್ದು ನಮ್ಮವ್ವನ ಬೆಣ್ಣೆಯೇ. ಅದು ಕಾಕಾಗೂ ಗೊತ್ತಿತ್ತು, ರುಚಿ ತಿಳಿಯದ ಮನುಷ್ಯನಲ್ಲ ಅವನು ಎನ್ನುತ್ತಾಳೆ ಅವ್ವ.

ಆಮೇಲೆ ಸಿಪ್ಪೆಯ ಬುಟ್ಟಿ ಬದಿಗಿಟ್ಟು ನನ್ನನ್ನು ಒಂದು ಮಾತು ಕೇಳಿದಳು. "ಹಿರ್ಯಾರು ನಾವು ಎಂಟ ದಿನದಾಗ ಮುಗಿಸಿದ್ವಿ. ನೀವಿಬ್ಬರೂ ಹನ್ನೆರಡ ವರ್ಷ ಏನ ಮಾಡಿದ್ರಿ?"

ನೀನು ಲೆಕ್ಕದ ಮಾಸ್ತರ, ಭಾನುವಾರ ಬಂದು ನೀನೇ ಅವಳಿಗೆ ಹೇಳು. ನಿನ್ನ ಹೆಂಡತಿಯನ್ನೂ ಕರೆದುಕೊಂಡು ಬಾ. ನಾನು ಮುಂಜಾನೆಯೇ ಸ್ಟೇಷನ್ನಿಗೆ ಬಂದು ಕೂತಿರುತ್ತೇನೆ.

ಯಲ್ಲ್ಯಾ